‘ಅಕ್ಕಾ, ನೀವು ಯಾವ ಹಾರ್ಮೋನ್ ಮಾತ್ರೆ ತಗೊಂಡ್ರಿ?’

ಮುಟ್ಟಿನ ದಿನಗಳಲ್ಲಿ ವಿಪರೀತ ಹೊಟ್ಟೆನೋವು ತರುವ ಎಂಡೊಮೆಟ್ರಿಯೋಸಿಸ್ ಅನ್ನುವ ಕಾಯಿಲೆ ಬಗ್ಗೆ ಬರೆಯಲು ಶುರು ಮಾಡಿದ ಮೇಲೆ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅದರ ಹಿಂದೆಯೇ ಇನ್ನೊಂದು ಬರುತ್ತದೆ: “ನಾನೂ ಅದನ್ನೇ ತಗೊಳ್ಳಲಾ?”

ಬೇಡ. ನನಗೆ ಹೊಂದಿತು ಅಂತ ನೀವು ತಗೋಬೇಡಿ. ಯಾಕೆ ಅಂತ ಹೇಳುತ್ತೇನೆ.

ನನ್ನ ನೋವಿಗೆ ಒಂದು ಹೆಸರು ಸಿಕ್ಕಿದ್ದು 29ನೇ ವಯಸ್ಸಿಗೆ. ಅಲ್ಲಿಯವರೆಗೆ ಜೀರಿಗೆ ಕಷಾಯ, ಬಿಸಿನೀರಿನ ಬ್ಯಾಗು, “ಮದುವೆ ಆದ್ರೆ ಸರಿಹೋಗುತ್ತೆ” ಅನ್ನುವ ಮಾತು. ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದಾಗ ಎಡಗಡೆ ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್, ಅಂದರೆ ಹಳೇ ರಕ್ತ ತುಂಬಿದ ಗುಳ್ಳೆ, ಕಂಡಿತು. ಮೊದಲು ತೋರಿಸಿದ ಡಾಕ್ಟರ್ ಐದೇ ನಿಮಿಷದಲ್ಲಿ ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟರು. ಈಸ್ಟ್ರೊಜೆನ್, ಪ್ರೊಜೆಸ್ಟಿನ್ ಅನ್ನುವ ಎರಡು ಹಾರ್ಮೋನ್ ಸೇರಿದ ಮಾಮೂಲಿ ಮಾತ್ರೆ. ತಲೆನೋವು ಬರುತ್ತಾ ಅಂತ ಕೇಳಲಿಲ್ಲ. ನನಗೂ ಹೇಳಬೇಕು ಅನ್ನಿಸಲಿಲ್ಲ. ಹೊಟ್ಟೆನೋವಿಗೆ ಹೋದವಳು ತಲೆನೋವಿನ ಮಾತು ಯಾಕೆ ತೆಗೆಯಲಿ, ಅಲ್ವಾ?

ಆದರೆ ನನಗೆ ಕಾಲೇಜಿನ ದಿನಗಳಿಂದ ಮೈಗ್ರೇನ್ ಇದೆ. ನೋವು ಶುರುವಾಗುವ ಮೊದಲು ಕಣ್ಣೆದುರು ಅಂಕುಡೊಂಕಾದ ಬೆಳಕಿನ ಗೆರೆ ಮಿನುಗುತ್ತದೆ. ಇದಕ್ಕೆ ‘ಆರಾ’ ಇರುವ ಮೈಗ್ರೇನ್ ಅನ್ನುತ್ತಾರೆ. ಇಂಥವರಿಗೆ ಈಸ್ಟ್ರೊಜೆನ್ ಇರುವ ಮಾತ್ರೆ ಕೊಡಬಾರದು, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗೂ, ಬಿಪಿ ಜಾಸ್ತಿ ಇದ್ದವರಿಗೂ ಅದು ಸಲ್ಲದು. ಎರಡನೇ ಡಾಕ್ಟರ್ ಇದನ್ನೆಲ್ಲ ಕೇಳಿ, ಆ ಮಾತ್ರೆಯನ್ನು ಅವತ್ತೇ ನಿಲ್ಲಿಸಿದರು. ಈ ತೊಂದರೆ ಯಾವುದೂ ಇಲ್ಲದವರಿಗೆ ಅದೇ ಮಾತ್ರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಡುವೆ ಬಿಡುವು ಕೊಡದೆ ತಗೊಂಡರೆ ಮುಟ್ಟೇ ಆಗದಂತೆ ತಡೆಯಬಹುದು. ಖರ್ಚೂ ಕಡಿಮೆ.

ಒಂದು ವಿಷಯ ಮೊದಲೇ ಗೊತ್ತಿರಲಿ. ಈ ಕಾಯಿಲೆಯಲ್ಲಿ ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೆ ಬೆಳೆಯುತ್ತದೆ. ಈಸ್ಟ್ರೊಜೆನ್ ಅದಕ್ಕೆ ಊಟ. ಎಲ್ಲಾ ಹಾರ್ಮೋನ್ ಚಿಕಿತ್ಸೆಗಳೂ ಆ ಊಟವನ್ನು ಕಡಿಮೆ ಮಾಡುತ್ತವೆ, ಇಲ್ಲವೇ ಅದರ ಪರಿಣಾಮವನ್ನು ತಗ್ಗಿಸುತ್ತವೆ. ಕಾಯಿಲೆಯನ್ನು ಬೇರುಸಮೇತ ಕೀಳುವುದಿಲ್ಲ. ಬಿಟ್ಟ ಮೇಲೆ ನೋವು ಮರಳಬಹುದು. ಮಗು ಆಗಲು ಕೂಡ ಇವು ಸಹಾಯ ಮಾಡುವುದಿಲ್ಲ, ತಗೊಳ್ಳುವಷ್ಟು ದಿನ ಹೆಚ್ಚಿನವು ಅಂಡೋತ್ಪತ್ತಿಯನ್ನೇ ತಡೆಯುತ್ತವೆ. ಹಾಗಾಗಿ ಯಾರು ಕೇಳಿದರೂ ನಾನು ತಿರುಗಿ ಕೇಳುವುದು ಒಂದೇ: ಮಗು ಬೇಕಾ, ಬೇಕಿದ್ದರೆ ಯಾವಾಗ?

ನಮಗೆ ಆಗ ಬೇಕಿರಲಿಲ್ಲ. ನನಗೆ ಸಿಕ್ಕಿದ್ದು ಡೈನೊಜೆಸ್ಟ್, ದಿನಕ್ಕೆ 2 ಮಿಲಿಗ್ರಾಂ. ಇದರಲ್ಲಿ ಪ್ರೊಜೆಸ್ಟಿನ್ ಮಾತ್ರ ಇದೆ, ಈಸ್ಟ್ರೊಜೆನ್ ಇಲ್ಲ. ಮೊದಲ ಮೂರು ತಿಂಗಳು ಬಹಳ ಕಷ್ಟವಾಯಿತು. ಯಾವಾಗ ಬೇಕಾದರೂ ಸ್ವಲ್ಪ ಸ್ವಲ್ಪ ರಕ್ತ ಹೋಗುತ್ತಿತ್ತು. ಬ್ಯಾಗಿನಲ್ಲಿ ಸದಾ ಪ್ಯಾಡ್ ಇರಬೇಕಿತ್ತು. ಸುಮ್ನೆ ಅಳು ಬರುತ್ತಿತ್ತು. ಅದನ್ನು ಮೊದಲು ಗುರುತಿಸಿದ್ದು ಅಮ್ಮ. ಐದನೇ ತಿಂಗಳಲ್ಲಿ ಒಂದು ದಿನ ನೋವಿನ ಮಾತ್ರೆಯ ಸ್ಟ್ರಿಪ್ ಕೈಗೆ ಸಿಕ್ಕಿತು, ಒಂದೂ ಖಾಲಿಯಾಗಿರಲಿಲ್ಲ. ಅವತ್ತು ನಾನು ಅತ್ತಿದ್ದು ಬೇರೆ ಕಾರಣಕ್ಕೆ. ಮದುವೆಯಾದವರಿಗೆ ಇನ್ನೊಂದು ಮಾತು: ಇದನ್ನು ಗರ್ಭನಿರೋಧಕ ಅಂತ ನಂಬಿಕೊಳ್ಳಬೇಡಿ, ಜೊತೆಗೆ ಕಾಂಡೋಮ್ ಇರಲಿ.

ಹಾರ್ಮೋನ್ ಇರುವ ಮಿರೆನಾ ಥರದ ಸಾಧನವನ್ನು ಗರ್ಭಕೋಶದೊಳಗೆ ಹಾಕಿಸಿಕೊಂಡರೆ ವರ್ಷಗಟ್ಟಲೆ ದಿನವೂ ಮಾತ್ರೆ ನೆನಪಿಡುವ ಗೋಜಿಲ್ಲ. ಮದುವೆಯಾಗದ ಹುಡುಗಿಯರ ಮನೆಯಲ್ಲಿ ಇದಕ್ಕೆ ಗಾಬರಿ ಬೀಳುತ್ತಾರೆ, ನನಗೆ ಗೊತ್ತು. ವೈದ್ಯಕೀಯವಾಗಿ ಮದುವೆ ಆಗಿರಲೇಬೇಕು ಅಂತ ಏನೂ ಇಲ್ಲ. ಆದರೆ ಅದು ಅಂಡಾಶಯವನ್ನು ಪೂರ್ತಿ ಸುಮ್ಮನಿರಿಸುವುದಿಲ್ಲ. ಸಿಸ್ಟ್ ಇರುವವರು ಇದನ್ನು ಡಾಕ್ಟರ್ ಹತ್ತಿರ ಕೇಳಲೇಬೇಕು.

ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಲ್ಯೂಪ್ರೊಲೈಡ್ ಇಂಜೆಕ್ಷನ್ ಬಲವಾದ ಮದ್ದು. ಮೊದಲ ಒಂದೆರಡು ವಾರ ನೋವು ಏರಬಹುದು. ಆಮೇಲೆ ಮುಟ್ಟು ನಿಂತವರ ಹಾಗೆ ಮೈ ಬಿಸಿಯೇರುತ್ತದೆ, ರಾತ್ರಿ ಬೆವರುತ್ತದೆ, ಮೂಳೆ ಸವೆಯುತ್ತದೆ. ಅದಕ್ಕೇ ಇದೊಂದನ್ನೇ ಆರು ತಿಂಗಳಿಗಿಂತ ಹೆಚ್ಚು ಕೊಡುವುದಿಲ್ಲ. ಮುಂದುವರಿಸಬೇಕಾದರೆ ಮೂಳೆ ಕಾಪಾಡಲು ಸ್ವಲ್ಪ ಹಾರ್ಮೋನ್ ಜೊತೆಗೆ ಸೇರಿಸುತ್ತಾರೆ. ಹಾಗೆ ಸೇರಿಸುವ ಬಗ್ಗೆ ಯಾರೂ ಮಾತೇ ಎತ್ತದಿದ್ದರೆ ನೀವೇ ಕೇಳಿ.

“ಇದೆಲ್ಲ ತಿಂದ್ರೆ ಮುಂದೆ ಮಕ್ಕಳಾಗಲ್ಲ” ಅಂತ ನಮ್ಮ ಅತ್ತೆಯೂ ಹೆದರಿದ್ದರು. ಡೈನೊಜೆಸ್ಟ್ ಬಿಟ್ಟ ಒಂದೆರಡು ತಿಂಗಳಲ್ಲಿ ಸಾಮಾನ್ಯವಾಗಿ ಅಂಡೋತ್ಪತ್ತಿ ಮತ್ತೆ ಶುರುವಾಗುತ್ತದೆ. ಮಗು ಆಗುವುದಕ್ಕೆ ಕಷ್ಟವಾದರೆ ಅದಕ್ಕೆ ಕಾಯಿಲೆಯೇ ಕಾರಣವಾಗಿರಬಹುದು, ಮಾತ್ರೆಯಲ್ಲ. ಅತ್ತೆಯನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರ್ ಬಾಯಿಂದ ಕೇಳಿದ ಮೇಲೆ ರಾತ್ರಿ ಮಾತ್ರೆ ನೆನಪಿಸುತ್ತಿದ್ದವರು ಅತ್ತೆಯೇ.

ಈಗ ನನಗೆ 33. ಮಗು ಬೇಕು ಅಂತ ನಾವಿಬ್ಬರೂ ನಿರ್ಧರಿಸಿದ್ದೇವೆ. ಹೋದ ತಿಂಗಳು ಮಾತ್ರೆ ನಿಲ್ಲಿಸಿದೆ. ನೋವು ಮರಳಿದೆ, ಮೊದಲಿನಷ್ಟಿಲ್ಲ. ಹಾಗಾಗಿ “ನೀವು ಯಾವುದು ತಗೊಳ್ತಿದ್ದೀರಿ?” ಅಂತ ಇವತ್ತು ಕೇಳಿದರೆ, ಯಾವುದೂ ಇಲ್ಲ.