ತಡಸಲು, ಬಿದಿರು ಸೇರಿಸಿ ಬಿಲ್ಲು: ಮರ ಒಣಗಿಸೋ ಕೆಲಸ ಎಲ್ಲಿಗೆ ಬಂತು

ಬಿಲ್ಲು ಮಾಡೋಕೆ ಅಂತ ಕಡಿಸಿದ ತಡಸಲು ಮರದ ದಿಮ್ಮಿ ಬಗ್ಗೆ ಹೋದ ಸಲ ಬರೆದಾಗ ಅದು ಇನ್ನೂ ಹಸಿ ಇತ್ತು. ಈಗ ತಡಸಲು ಅಟ್ಟದಿಂದ ಇಳಿದಿದೆ, ಬಿದಿರಿನ ಪಟ್ಟಿನೂ ಒಂದು ಹದಕ್ಕೆ ಬಂದಿದೆ, ಹಾಗಾಗಿ ನಡುವೆ ಆಗಿದ್ದೆಲ್ಲ ಒಟ್ಟಿಗೆ ಬರೀತಿದೀನಿ. ಪ್ಲಾನ್ ಹಳೇದೇ, ಬಿಲ್ಲಿನ ಹೊಟ್ಟೆ ಅಂದ್ರೆ ಎಳೆಯುವಾಗ ನಮ್ಮ ಕಡೆ ಇರೋ ಮೈ ತಡಸಲು, ಆಚೆ ಬೆನ್ನಿಗೆ ತೆಳ್ಳಗೆ ಕೆತ್ತಿದ ಬಿದಿರು. ಬಗ್ಗಿಸಿದಾಗ ಬೆನ್ನು ಹಿಗ್ಗುತ್ತೆ, ಹೊಟ್ಟೆ ಕುಗ್ಗುತ್ತೆ, ಬಿದಿರಿನ ಹೊರಸಿಪ್ಪೆ ಹತ್ರ ನಾರು ಒತ್ತೊತ್ತಾಗಿರೋದ್ರಿಂದ ಆ ಎಳೆತ ತಡ್ಕೊಳ್ಳೋದಕ್ಕೆ ಅದೇ ಸರಿ.

ತಡಸಲು ಯಾಕೆ ಅಂತ ಕೇಳಿದವ್ರಿಗೆ: ಗಾಡಿ ಮೂಕಿಗೆ, ಕೊಡಲಿ ಕಾವಿಗೆ ಹಳಬರು ಹುಡುಕ್ತಿದ್ದ ಮರ ಇದು, ಬಗ್ಗಿ ವಾಪಸ್ ಬರೋ ಗುಣ ಚೆನ್ನಾಗಿದೆ. ನನಗೆ ಸಿಕ್ಕಿದ್ದು ಚಿಕ್ಕಪ್ಪನ ಮಾಲ್ಕಿ ಜಾಗದ ಮರ, ಅರಣ್ಯ ಇಲಾಖೆ ಪರ್ಮಿಷನ್ ತಗೊಂಡೇ ಕಡಿಸಿದ್ದು. ಸ್ವಂತ ಜಾಗದ್ದೇ ಆದ್ರೂ ಮರಕ್ಕೆ ಕೈ ಹಾಕೋ ಮೊದಲು ಅದೊಂದು ವಿಚಾರಿಸ್ಕೊಳ್ಳಿ. ಬಿದಿರಿನ ಕಥೆ ಸ್ವಲ್ಪ ಬೇರೆ, 2017ರಲ್ಲಿ ಕೇಂದ್ರದ ಅರಣ್ಯ ಕಾಯ್ದೆಗೆ ತಿದ್ದುಪಡಿ ಆಗಿ "ಮರ" ಅನ್ನೋ ಪಟ್ಟಿಯಿಂದ ಬಿದಿರನ್ನ ತೆಗೆದ್ರು, ಆದ್ರೂ ಕಾಡಿನೊಳಗಿನ ಮೆಳೆ ಮುಟ್ಟೋ ಹಾಗಿಲ್ಲ.

ಕಡಿದ ದಿನವೇ ದಿಮ್ಮಿಯ ಎರಡೂ ತುದಿಗೆ ದಪ್ಪಗೆ ಫೆವಿಕಾಲ್ ಬಳಿದೆ. ಮರದ ನೀರು ತುದಿಯಿಂದಲೇ ಬೇಗ ಹೋಗೋದು, ತುದಿ ಮೊದಲು ಒಣಗಿ ಕುಗ್ಗಿದ್ರೆ ನಡುಭಾಗ ಜೊತೆಗೆ ಬರಲ್ಲ, ಅಲ್ಲಿಂದ ಸೀಳು ಶುರು. ಆಮೇಲೆ ದುಂಡಗೆ ಬಿಡದೆ ಬೆಣೆ ಹೊಡೆದು ನಾಲ್ಕು ಭಾಗ ಮಾಡಿದೆ. ಮರ ಸುತ್ತಳತೆಯಲ್ಲಿ ಕುಗ್ಗೋದು ಒಳಗಿಂದ ಹೊರಗೆ ಕುಗ್ಗೋದಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು, ಹಾಗಾಗಿ ಇಡೀ ದಿಮ್ಮಿ ಹಾಗೇ ಬಿಟ್ರೆ ಅದು ತನ್ನಷ್ಟಕ್ಕೆ ಎಲ್ಲಿ ಬೇಕಾದ್ರೂ ಬಿರಿಯುತ್ತೆ, ನಾವೇ ಸೀಳಿದ್ರೆ ನಾರಿನ ಜಾಡು ಹಿಡಿದು ಸೀಳ್ಬಹುದು. ಗರಗಸ ಹಾಕಿದ್ರೆ ನಾರು ತುಂಡಾಗುತ್ತೆ, ಬೆಣೆ ನಾರಿನ ದಾರೀಲೇ ಹೋಗುತ್ತೆ. ಒಂದು ಸೀಳು ಪೂರ್ತಿ ತಿರುಚ್ಕೊಂಡಿತ್ತು, ಅದು ಕಾವಿಗೆ ಹೋಯ್ತು.

ಬಿದಿರಿಗೆ ನಮ್ಮೂರ ಹತ್ರ ಬುಟ್ಟಿ ಹೆಣೆಯೋ ಮೇದಾರ ಅಜ್ಜನ್ನ ಕರ್ಕೊಂಡು ಹೋಗಿದ್ದೆ, ಇಂಥ ಕಣ್ಣು ನನಗೆ ಬರೋಕೆ ಇನ್ನೂ ಟೈಮ್ ಬೇಕು. "ತಮಾ, ಹೊಸದಕ್ಕೆ ಕತ್ತಿ ಹಾಕ್ಬೇಡ, ಮೈಮೇಲೆ ಬಿಳಿ ಕಲೆ ಬಿದ್ದಿರೋದು ನೋಡು" ಅಂದ್ರು. ಮೂರು ನಾಲ್ಕು ವರ್ಷದ ಗಳು ಬೇಕು, ಎಳೇದಾದ್ರೆ ಒಣಗಿದ ಮೇಲೆ ಸುಕ್ಕಾಗುತ್ತೆ. ಕಡಿಯೋದು ನೆಲದಿಂದ ಒಂದೆರಡು ಗೆಣ್ಣು ಬಿಟ್ಟು ಗೆಣ್ಣಿನ ಮೇಲೆ, ಇಲ್ಲಾಂದ್ರೆ ಕೂಳೆಯಲ್ಲಿ ನೀರು ನಿಂತು ಮೆಳೆ ಕೊಳೆಯುತ್ತೆ. ಮಳೆಗಾಲದಲ್ಲಿ ಕಳಲೆ ಏಳೋ ಹೊತ್ತಿಗೆ ಮೆಳೆಗೆ ತೊಂದರೆ ಕೊಡಬಾರದು, ನಾವು ಹೋಗಿದ್ದು ಡಿಸೆಂಬರ್‌ನಲ್ಲಿ. ಬಿದಿರಿನೊಳಗಿನ ಪಿಷ್ಟಕ್ಕೇ ಕುಟ್ಟೆ ಹುಳ ಬರೋದು, ಅದಕ್ಕೇ ಗಳನ್ನ ಹಳ್ಳದ ನೀರಲ್ಲಿ ಮುಳುಗಿಸಿಟ್ಟು ಪಿಷ್ಟ ಕರಗೋಕೆ ಬಿಟ್ಟು, ನಂತರ ಸೀಳಿ ನೆರಳಲ್ಲಿ ನಿಲ್ಲಿಸಿ ಒಣಗಿಸಿದ್ದು. ನೀರಿಂದ ತೆಗೆದಾಗ ಬರೋ ವಾಸನೆ ಕೆಟ್ಟದು, ಒಣಗಿದ ಮೇಲೆ ಹೋಗುತ್ತೆ.

ಈಗ ಮುಖ್ಯ ವಿಷಯ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಒಣಗಿಸಿ ಅಂತ ಎಲ್ಲರೂ ಹೇಳ್ತಾರೆ, ಮಲೆನಾಡಲ್ಲಿ ಆ ಲೆಕ್ಕ ನಂಬೋಕೆ ಆಗಲ್ಲ. ಬಿಲ್ಲಿಗೆ ಮರದ ತೇವ 8ರಿಂದ 10 ಪರ್ಸೆಂಟ್ ಬೇಕು, ಅದಕ್ಕಿಂತ ತುಂಬಾ ಕಡಿಮೆ ಆದ್ರೆ ಪಟಕ್ ಅಂತ ಮುರಿಯುತ್ತೆ, ಜಾಸ್ತಿ ಇದ್ರೆ ಬಗ್ಗಿದ್ದು ಬಗ್ಗಿದ ಹಾಗೇ ಉಳಿಯುತ್ತೆ. ಮರ ಸುತ್ತಲಿನ ಗಾಳಿಯ ಜೊತೆ ಸರಿಹೊಂದೋವರೆಗೆ ನೀರು ಬಿಡ್ತಾನೋ ಕುಡೀತಾನೋ ಇರುತ್ತೆ. ಗಾಳಿಯ ಆರ್ದ್ರತೆ 50 ಪರ್ಸೆಂಟ್ ಇದ್ರೆ ಮರ 9ರ ಹತ್ರ ನಿಲ್ಲುತ್ತೆ, 90 ಇದ್ರೆ 20ರ ಹತ್ರ. ಅಂದ್ರೆ ಜುಲೈನಲ್ಲಿ ಹೊರಗಿನ ಜಗಲಿಯಲ್ಲಿಟ್ಟ ಮರ ಎಷ್ಟೇ ವರ್ಷ ಹಳೇದಾಗಿರಲಿ ಬಿಲ್ಲಿಗೆ ಒಣಗಿದ್ದಲ್ಲ.

ಅದಕ್ಕೇ ನಾನು ತಡಸಲನ್ನ ಮೊದಲು ಗಾಳಿ ಕಡಿಮೆ ಇರೋ ನೆರಳಲ್ಲಿಟ್ಟು ನಿಧಾನ ಒಣಗಿಸಿ, ಒರಟಾಗಿ ಬಿಲ್ಲಿನ ಆಕಾರಕ್ಕೆ ಕೆತ್ತಿ ತೆಳ್ಳಗೆ ಮಾಡಿ, ನೇರ ಹಲಗೆಗೆ ಬಿಗಿದು, ಮಳೆಗಾಲಕ್ಕೆ ಒಲೆ ಮೇಲಿನ ಅಟ್ಟಕ್ಕೆ ಹಾಕಿದ್ದು. ಹಸಿ ಮರ ನೇರ ಅಟ್ಟಕ್ಕೆ ಹಾಕಿದ್ರೆ ಸೀಳುತ್ತೆ, ಕ್ರಮ ತಪ್ಪಬಾರದು. ಅಡಿಗೆಮನೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡ್ತಿದ್ದೆ, ತೂಕ ಇಳಿಯೋದು ನಿಂತ್ರೆ ಆ ಜಾಗದ ಗಾಳಿಗೆ ಮರ ಸರಿಹೊಂದಿದೆ ಅಂತ ಅರ್ಥ. ತೇವ ಎಷ್ಟು ಅಂತ ನೋಡೋಕೆ ಅದೇ ಮರದ ಒಂದು ಚೂರನ್ನ ಓವನ್‌ನಲ್ಲಿ 103 ಡಿಗ್ರಿ ಸೆಲ್ಸಿಯಸ್‌ಗೆ ತೂಕ ನಿಲ್ಲೋವರೆಗೆ ಇಟ್ಟೆ: 26 ಗ್ರಾಂ ಇದ್ದದ್ದು 23.4ಕ್ಕೆ ಇಳೀತು, ಹೋದ 2.6ನ್ನ ಒಣ ತೂಕಕ್ಕೆ ಭಾಗಿಸಿದ್ರೆ 11 ಪರ್ಸೆಂಟ್. ಇನ್ನೂ ಸ್ವಲ್ಪ ಇಳೀಬೇಕು.

ಬಿದಿರಿನ ಪಟ್ಟಿನೂ ಈಗ ತಡಸಲಿನ ಪಕ್ಕಕ್ಕೇ ಇಟ್ಟಿದೀನಿ, ಎರಡರ ತೇವ ಒಂದೇ ಮಟ್ಟಕ್ಕೆ ಬರದೆ ಅಂಟಿಸಿದ್ರೆ ಆಮೇಲೆ ಒಂದು ಜಾಸ್ತಿ ಕುಗ್ಗಿ ಬಿಲ್ಲು ಸೊಟ್ಟಗಾಗುತ್ತೆ, ಇಲ್ಲಾ ಅಂಟು ಬಿಡುತ್ತೆ. ಫೆಬ್ರವರಿಯ ಒಣ ಹವೆಯಲ್ಲಿ ಎಪಾಕ್ಸಿ ಅಂಟು ಹಾಕಿ ಕ್ಲ್ಯಾಂಪ್ ಮಾಡೋದು, ಬಿಲ್ಲು ಮುಗಿದ ಕೂಡಲೇ ಮತ್ತೆ ತೇವ ಕುಡಿಯದ ಹಾಗೆ ಶೆಲ್ಲಾಕ್ (ಅರಗಿನ ಪಾಲಿಶ್) ಹೊಡೆಯೋದು ಅಂತ ಇದೀನಿ. ತಡಸಲು ಬಿಟ್ಟು ನಮ್ಮ ಕಡೆಯ ಬೇರೆ ಮರದಲ್ಲಿ ಮಾಡಿದವ್ರಿದ್ರೆ ಯಾವ ತಿಂಗಳಲ್ಲಿ ಕಡಿದ್ರಿ, ಮಳೆಗಾಲದಲ್ಲಿ ಎಲ್ಲಿಟ್ರಿ ಅಂತ ಬರೀರಿ.