ಹಗುರದ ಬೈಕ್, 11ನೇ ವಾರ: ಹೆಡ್ ಪೈಪ್ ವಾಲಿತು

ನಾನೇ ಕಟ್ಟುತ್ತಿರುವ ಹಗುರದ ಬೈಕ್ ಬಗ್ಗೆ ಎರಡು ವಾರ ಏನೂ ಬರೆದಿರಲಿಲ್ಲ. ಬೇಜಾರಾಗಿತ್ತು. ಟ್ರೆಲ್ಲಿಸ್ ಫ್ರೇಮ್‌ನ (ಪೈಪ್‌ಗಳನ್ನು ಜಾಲರಿಯಂತೆ ಬೆಸೆದ ಚೌಕಟ್ಟು) ವೆಲ್ಡಿಂಗ್ ಪೂರ್ತಿ ಮುಗಿಸಿ, ಪೈಪ್‌ಗಳನ್ನು ಅಲುಗದಂತೆ ಹಿಡಿಯುವ ಜಿಗ್‌ನಿಂದ ಇಳಿಸಿ, ಮುಂದಿನ ಫೋರ್ಕ್ ಕೂರುವ ಹೆಡ್ ಪೈಪ್‌ಗೆ ಉದ್ದನೆಯ ರಾಡ್ ತೂರಿಸಿ ನೋಡಿದರೆ ತುದಿ ಎಡಕ್ಕೆ 6 ಮಿ.ಮೀ. ವಾಲಿದೆ!

ತಪ್ಪು ನನ್ನದೇ. ಮೊದಲು ಎಲ್ಲಾ ಜಾಯಿಂಟ್‌ಗೂ ಟ್ಯಾಕ್ (ಚುಕ್ಕೆಯಷ್ಟು ವೆಲ್ಡ್) ಹಾಕಿ, ಆಮೇಲೆ ಎಡಕ್ಕೊಂದು ಬಲಕ್ಕೊಂದು ಅಂತ ವೆಲ್ಡ್ ಮಾಡಬೇಕು. ನಾನು ಎಡಗಡೆ ಪೂರ್ತಿ ಮುಗಿಸಿಯೇ ಬಲಕ್ಕೆ ಹೋದೆ. ವೆಲ್ಡ್ ಆರುವಾಗ ಕುಗ್ಗುತ್ತದೆ, ಪೈಪನ್ನು ತನ್ನ ಕಡೆ ಎಳೆಯುತ್ತದೆ. ಗೊತ್ತಿದ್ದೂ ಆತುರಪಟ್ಟೆ.

ಗ್ರೈಂಡರ್ ಹಿಡಿದು ನಾಲ್ಕು ಪೈಪ್ ಕತ್ತರಿಸಿ ತೆಗೆದೆ. ಇನ್ನೊಂದು ಪೈಪ್‌ಗೆ ಅಂಟಿಕೊಂಡು ಕೂರಲು ಹೊಸ ಪೈಪ್‌ನ ತುದಿಗೆ ಮೀನಿನ ಬಾಯಿಯ ಆಕಾರ ಬರಬೇಕು. ಕಾಗದದ ಟೆಂಪ್ಲೇಟ್ ಸುತ್ತಿ, ಗೆರೆ ಎಳೆದು, ಅರದಿಂದ ಉಜ್ಜುತ್ತಾ ಕೂರಬೇಕು. ಹಿಂದೆ ಟಾರ್ಚ್ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣಬಾರದು. ಸಂದಿ ಇದ್ದರೆ ತುಂಬಿಸೋಕೆ ಬಿಸಿ ಜಾಸ್ತಿ ಬೇಕು, ಬಿಸಿ ಜಾಸ್ತಿಯಾದರೆ ಮತ್ತೆ ಎಳೆತ. ಒಂದು ಪೈಪ್‌ಗೆ ಒಂದೂವರೆ ಗಂಟೆ ಹಿಡಿಯಿತು. ಈ ಸಲ ವಾಲಿದ್ದು ಅರ್ಧ ಮಿ.ಮೀ. ಒಳಗೆ.

ಹೇಗೂ ಕತ್ತರಿಸಿದ್ದಾಯ್ತಲ್ಲ ಅಂತ ರೇಕ್ (ಹೆಡ್ ಪೈಪ್ ಹಿಂದಕ್ಕೆ ಓರೆಯಾಗಿರುವ ಕೋನ) ಕೂಡ 26 ಡಿಗ್ರಿಯಿಂದ 24ಕ್ಕೆ ತಂದೆ. ಚಕ್ರದ ರೇಡಿಯಸ್ 300 ಮಿ.ಮೀ., ಆಫ್‌ಸೆಟ್ (ಹೆಡ್ ಪೈಪ್‌ನ ಗೆರೆಗಿಂತ ಚಕ್ರದ ಅಚ್ಚು ಮುಂದಿರುವ ದೂರ) 32. ಲೆಕ್ಕದ ಪ್ರಕಾರ ಟ್ರೇಲ್ (ಹೆಡ್ ಪೈಪ್‌ನ ಗೆರೆ ನೆಲ ಮುಟ್ಟುವ ಜಾಗಕ್ಕಿಂತ ಚಕ್ರ ನೆಲ ಮುಟ್ಟುವ ಜಾಗ ಹಿಂದಿರುವ ದೂರ) ಸುಮಾರು 111 ಮಿ.ಮೀ.ನಿಂದ 99ಕ್ಕೆ ಇಳಿಯುತ್ತದೆ. ಹ್ಯಾಂಡಲ್ ಚುರುಕಾಗುತ್ತದೆ. ಇನ್ನೂ ಇಳಿಸುವ ಧೈರ್ಯ ನನಗಿಲ್ಲ.

ಎಂಜಿನ್, ಚಕ್ರ, ಫೋರ್ಕ್ ಎಲ್ಲಾ ಜೋಡಿಸಿ ತರಕಾರಿ ಅಂಗಡಿಯ ತೂಕದ ಮೆಷಿನ್ ಮೇಲೆ ಒಂದೊಂದೇ ಚಕ್ರ ಇಟ್ಟೆ. ಮುಂದೆ 55, ಹಿಂದೆ 63 ಕೆ.ಜಿ. ಅಂಗಡಿಯವರು ‘ಕೆ.ಜಿ. ಎಷ್ಟಕ್ಕೆ ಕೊಡ್ತೀರ?’ ಅಂದರು. ನೇಕೆಡ್ ಬೈಕಿನಲ್ಲಿ (ಫೇರಿಂಗ್, ಅಂದರೆ ಹೊರಕವಚ ಇಲ್ಲದ ಬೈಕ್) ನೆಟ್ಟಗೆ ಕೂರುವುದರಿಂದ ಸವಾರನ ಭಾರವೂ ಹಿಂದಕ್ಕೇ ಬೀಳುತ್ತದೆ. ಹಾಗಾಗಿ ಸೀಟಿನ ಕೆಳಗಿದ್ದ ಬ್ಯಾಟರಿಯನ್ನು ಟ್ಯಾಂಕ್‌ನ ಮುಂಭಾಗದ ಕೆಳಗೆ ಸೇರಿಸಿದೆ.

ಹಗುರದ ಹುಚ್ಚು ಹತ್ತಿಸಿದ್ದು ಚಿಕ್ಕಪ್ಪನ ಯಮಹಾ ಆರ್‌ಎಕ್ಸ್ 100 ಬೈಕ್. ಬರೀ 98 ಸಿಸಿ, 11 ಎಚ್‌ಪಿ. ತೂಕ ನೂರರ ಆಸುಪಾಸು ಇದ್ದದ್ದಕ್ಕೇ ಅದು ಹಾಗೆ ಚಿಮ್ಮುತ್ತಿತ್ತು, ಅಲ್ವಾ? ಗುಜರಿಯಿಂದ ತಂದ 200 ಸಿಸಿ ಎಂಜಿನ್ ಬಗ್ಗೆಯೂ ನನಗೆ ಸಂಕೋಚವಿಲ್ಲ. 1993ರ ಡುಕಾಟಿ ಮಾನ್‌ಸ್ಟರ್‌ಗೆ ಅದರ ವಿನ್ಯಾಸಕ ಮಿಗೆಲ್ ಗಲುಜ್ಜಿ ಕೂಡ ಎಂಜಿನ್ ತೆಗೆದದ್ದು ಡುಕಾಟಿಯದೇ ಸೂಪರ್‌ಸ್ಪೋರ್ಟ್ ಬೈಕಿನಿಂದ, ಫ್ರೇಮಿನ ಮೂಲ ಡುಕಾಟಿಯ ಇನ್ನೊಂದು ಬೈಕ್ 851.

ಈಗಿನ ತಲೆನೋವು ವೈರಿಂಗ್. ಮುಚ್ಚೋಕೆ ಫೇರಿಂಗ್ ಇಲ್ಲ, ಪ್ರತಿ ವೈರೂ ಎದುರಿಗೇ ಕಾಣುತ್ತದೆ. ಸದ್ಯಕ್ಕೆ ಫ್ರೇಮಿನ ಪೈಪ್‌ಗೆ ದಾರ ಕಟ್ಟಿ ದಾರಿ ಗುರುತು ಮಾಡಿದ್ದೇನೆ. ಇದು ರಸ್ತೆಗೆ ಇಳಿಯುವ ಬೈಕ್ ಅಲ್ಲ, ಟ್ರ್ಯಾಕ್‌ಗೆ ಮಾತ್ರ. ಆದರೂ ಹಾರ್ನ್ ವೈರ್ ಎಲ್ಲಿ ಹೋಗಬೇಕು ಅಂತ ನಿನ್ನೆ ಅರ್ಧ ಗಂಟೆ ಯೋಚಿಸಿದೆ.