ಸುರಂಗದ ಟ್ಯಾಂಕಿಗೆ ಒಂದು ಲ್ಯಾಚ್

ಕಾಸರಗೋಡಿನ ಬಾಯಾರು, ಪಡ್ರೆ ಕಡೆಯ ತೋಟಗಳಲ್ಲಿ ಮಾರ್ಚ್ ಬಂತೆಂದರೆ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಿಲದ) ನೀರು ಬೆರಳು ಗಾತ್ರಕ್ಕೆ ಇಳಿಯುತ್ತದೆ. ಅದು ಟ್ಯಾಂಕಿಯಲ್ಲಿ ತುಂಬುವವರೆಗೆ ಕಾಯಬೇಕು, ತುಂಬಿದ ಮೇಲೆ ಪಂಪು ಹಾಕಬೇಕು, ಖಾಲಿಯಾಗುವ ಮೊದಲು ನಿಲ್ಲಿಸಬೇಕು. ಇದನ್ನು ಒಂದೇ ಸೆನ್ಸರಿನಿಂದ ಮಾಡಹೊರಟರೆ ನೀರು ಅದನ್ನು ಮುಟ್ಟಿದಾಗ ಪಂಪು ಶುರು, ಒಂದಿಂಚು ಇಳಿದಾಗ ಬಂದ್, ಮತ್ತೆ ಶುರು. ಪಂಪಿಗೆ ಕರೆಂಟು ಕೊಡುವ ದೊಡ್ಡ ಸ್ವಿಚ್ಚು, ಕಾಂಟ್ಯಾಕ್ಟರ್, ಬೇಗ ಸುಟ್ಟು ಹೋಗುತ್ತದೆ.

ಸೆನ್ಸರ್ ಎರಡು ಬೇಕು, ನೀರು ಮುಟ್ಟಿದ್ದನ್ನು ಹೇಳುವ ಎರಡು ಸರಳು. ಅದಕ್ಕಿಂತ ಮುಖ್ಯವಾಗಿ, ನೆನಪು ಬೇಕು. ನೀರು ಕೆಳಗಿನ ಸರಳಿಗೂ ಮೇಲಿನ ಸರಳಿಗೂ ನಡುವೆ ಇದ್ದಾಗ ಪಂಪು ಓಡಬೇಕೋ ಬೇಡವೋ? ತುಂಬುತ್ತಾ ಬಂದಿದ್ದರೆ ಬೇಡ, ಖಾಲಿಯಾಗುತ್ತಾ ಬಂದಿದ್ದರೆ ಬೇಕು. ಇನ್‌ಪುಟ್ ಎರಡೂ ಸಲ ಒಂದೇ, ಉತ್ತರ ಮಾತ್ರ ಬೇರೆ. ಆ ಕ್ಷಣದ ಇನ್‌ಪುಟ್ ಮಾತ್ರ ನೋಡುವ ಕಾಂಬಿನೇಷನಲ್ ಸರ್ಕ್ಯೂಟಿನಿಂದ ಇದು ಆಗದ ಮಾತು. ಔಟ್‌ಪುಟ್ಟನ್ನು ತಿರುಗಿಸಿ ಇನ್‌ಪುಟ್ಟಿಗೆ ಕೊಡುವ ಸೀಕ್ವೆನ್ಷಿಯಲ್ ಸರ್ಕ್ಯೂಟೇ ಆಗಬೇಕು. ಬ್ರಿಟಿಷ್ ವಿಜ್ಞಾನಿಗಳಾದ ಎಕಲ್ಸ್ ಮತ್ತು ಜೋರ್ಡನ್ 1918ರಲ್ಲಿ ಎರಡು ರೇಡಿಯೊ ವಾಲ್ವ್‌ಗಳಿಂದ ಮಾಡಿದ್ದೂ ಇದನ್ನೇ. ತಾಳ ಹಾಕುವ ಕ್ಲಾಕ್ ಸಿಗ್ನಲ್ ಇಲ್ಲಿ ಬೇಡ, ಎಸ್ಆರ್ ಲ್ಯಾಚ್ ಸಾಕು: ಸೆಟ್ ಕೊಟ್ಟರೆ ಶುರು, ರಿಸೆಟ್ ಕೊಟ್ಟರೆ ಬಂದ್, ಎರಡೂ ಇಲ್ಲದಾಗ ಹಿಂದಿನದನ್ನೇ ನೆನಪಿಟ್ಟುಕೊಳ್ಳುತ್ತದೆ.

ಐಸಿ ಒಂದೇ: ಸಿಡಿ4093. ನಾಲ್ಕು ನ್ಯಾಂಡ್ ಗೇಟು (ಎರಡೂ ಇನ್‌ಪುಟ್ 1, ಅಂದರೆ 12 ವೋಲ್ಟ್, ಆದಾಗ ಮಾತ್ರ ಔಟ್‌ಪುಟ್ 0), ಇನ್‌ಪುಟ್ ಎಲ್ಲವೂ ಷ್ಮಿಟ್, ಅಂದರೆ ಏರುವಾಗ ಒಂದು ಮಟ್ಟದಲ್ಲಿ, ಇಳಿಯುವಾಗ ಅದಕ್ಕಿಂತ ಕೆಳಗಿನ ಮಟ್ಟದಲ್ಲಿ ಬದಲಾಗುವಂಥವು. ನೀರಿನ ಅಲೆಯಂಥ ನಿಧಾನದ ಸಿಗ್ನಲಿಗೆ ಷ್ಮಿಟ್ ಇಲ್ಲದ 4011 ಹಾಕಬೇಡಿ. ಪಿನ್ನು ಎರಡಕ್ಕೂ ಒಂದೇ. ಆದರೆ 7400ರ ಪಿನ್ನೇ ಬೇರೆ, ಅದು 12 ವೋಲ್ಟಿನಲ್ಲಿ ಬದುಕುವುದೂ ಇಲ್ಲ.

ಸರಳು ಮೂರು, ಎಲ್ಲ ಸ್ಟೀಲಿನವು. ತಾಮ್ರದ ತಂತಿ ಹಸಿರುಗಟ್ಟಿ ಸವೆಯುತ್ತದೆ. ತಳದ ಸರಳು ಗ್ರೌಂಡಿಗೆ. ಕೆಳಮಟ್ಟದ ಸರಳು ಪಂಪಿನ ಹೀರುಬಾಯಿಯ ಫುಟ್‌ವಾಲ್ವಿಗಿಂತ ಒಂದು ಗೇಣು ಮೇಲೆ ಇರಲಿ. ಕೆಳಗಿನ, ಮೇಲಿನ ಎರಡೂ ಸರಳುಗಳಿಂದ 47 ಕಿಲೋಓಮ್ ಮೂಲಕ ಒಂದೊಂದು ನೋಡ್ (ತಂತಿಗಳು ಕೂಡುವ ಬಿಂದು). ನೋಡಿನಿಂದ 12 ವೋಲ್ಟಿಗೆ 1 ಮೆಗಾಓಮ್, ಐಸಿ ಪಿನ್ನಿಗೆ 10 ಕಿಲೋಓಮ್. ನೀರು ಮುಟ್ಟಿದರೆ ನೋಡ್ ಸೊನ್ನೆಯ ಹತ್ತಿರ, ಬಿಟ್ಟರೆ 12. ಮೀಟರ್ ಇಟ್ಟಾಗ 12ರ ಬದಲು ಸುಮಾರು 11 ಕಂಡರೆ ಗಾಬರಿ ಬೇಡ, ಅದು ಮೀಟರಿನ ಒಳಗಿನ 10 ಮೆಗಾಓಮಿನ ಕರಾಮತ್ತು. ನೀರು ಮುಟ್ಟಿದಾಗ ಮಾತ್ರ 2 ವೋಲ್ಟಿಗಿಂತ ಕೆಳಗೇ ಬರಬೇಕು.

ಈಗ ವೈರಿಂಗ್; ಇಲ್ಲಿಯ ಅಂಕಿಗಳು ಐಸಿಯ ಪಿನ್ನುಗಳವು. ಕೆಳಗಿನ ನೋಡ್ 1 ಮತ್ತು 2ಕ್ಕೆ ಸೇರಿಸಿ. 3ರಿಂದ ತಿರುವಿದ ಸಿಗ್ನಲ್ 9ಕ್ಕೆ. ಮೇಲಿನ ನೋಡ್ 5ಕ್ಕೆ. 4ರಿಂದ 8ಕ್ಕೆ, 10ರಿಂದ 6ಕ್ಕೆ ಅಡ್ಡ ಜೋಡಿಸಿದರೆ ಲ್ಯಾಚ್ ಆಯಿತು. 14ಕ್ಕೆ 12 ವೋಲ್ಟ್, 7 ಗ್ರೌಂಡ್, ಇವೆರಡರ ನಡುವೆ ಐಸಿಗೆ ಅಂಟಿಕೊಂಡಂತೆ 100 ನ್ಯಾನೊಫ್ಯಾರಡ್.

ಪಂಪಿನ ಸಿಗ್ನಲ್ 4ರಿಂದ ತೆಗೆಯಬೇಕು ಅನಿಸುತ್ತದೆ. ತೆಗೆಯಬೇಡಿ. ಪಾಠಪುಸ್ತಕ "ನಿಷಿದ್ಧ ಸ್ಥಿತಿ" ಎಂದು ಒಂದು ಸಾಲಿನಲ್ಲಿ ಮುಗಿಸುವುದು ತೋಟದಲ್ಲಿ ನಿಜವಾಗಿ ಬರುವುದು ಇಲ್ಲೇ. ಮುರಕಲ್ಲಿನ (ಜಂಬಿಟ್ಟಿಗೆಯ) ನೀರಿನಿಂದ ಮೇಲಿನ ಸರಳಿನ ಹೋಲ್ಡರಿಗೆ ಕೆಂಪು ಲೋಳೆ ಹಿಡಿದು ಒದ್ದೆಯಾಗಿದ್ದರೆ, ನೀರು ಕೆಳಗಿಳಿದರೂ 5ನೇ ಪಿನ್ನು ಸೊನ್ನೆಯಲ್ಲೇ ಕೂರುತ್ತದೆ. ಟ್ಯಾಂಕಿ ಖಾಲಿಯಾದಾಗ 9 ಕೂಡ ಸೊನ್ನೆ. ಸೆಟ್ಟೂ ರಿಸೆಟ್ಟೂ ಒಟ್ಟಿಗೆ, 4 ಮತ್ತು 10 ಎರಡರಲ್ಲೂ 1. ಸಿಗ್ನಲ್ 4ರಿಂದ ಹೋಗಿದ್ದರೆ ಪಂಪು ನೀರಿಲ್ಲದೆ ಓಡುತ್ತಲೇ ಇರುತ್ತದೆ. ಅದರ ಬದಲು 10ನ್ನು ಉಳಿದ ಗೇಟಿನ 12, 13ಕ್ಕೆ ಕೊಟ್ಟು 11ರಿಂದ ತೆಗೆಯಿರಿ. ಆಗ ಎರಡೂ ಒಟ್ಟಿಗೆ ಬಂದರೆ ರಿಸೆಟ್ಟೇ ಗೆಲ್ಲುತ್ತದೆ. ಖಾಲಿ ಬಿಟ್ಟ ಇನ್‌ಪುಟ್ಟಿನ ತಲೆನೋವೂ ತಪ್ಪಿತು.

11ರಿಂದ 10 ಕಿಲೋಓಮ್, ಬಿಸಿ547 ಟ್ರಾನ್ಸಿಸ್ಟರ್, 400 ಓಮ್ ಕಾಯಿಲಿನ 12 ವೋಲ್ಟ್ ರಿಲೇ, ಕಾಯಿಲಿಗೆ ಅಡ್ಡವಾಗಿ 1ಎನ್4007 ಡಯೋಡ್. ರಿಲೇಯಿಂದ ಕಾಂಟ್ಯಾಕ್ಟರಿನ ಕಾಯಿಲು ಮಾತ್ರ ಓಡಿಸಿ, ಪಂಪನ್ನು ನೇರ ಕೊಟ್ಟರೆ ಸ್ಟಾರ್ಟಿಂಗ್ ಕರೆಂಟಿಗೆ ಕಾಂಟ್ಯಾಕ್ಟ್ ಬೆಸೆದುಕೊಳ್ಳುತ್ತದೆ. ಸಪ್ಲೈ ಟ್ರಾನ್ಸ್‌ಫಾರ್ಮರಿನದೇ ಆಗಬೇಕು. ಮೈನ್ಸನ್ನು ನೇರ ಇಳಿಸುವ ಕೆಪಾಸಿಟರ್ ಡ್ರಾಪರ್ ಹಾಕಿದರೆ ಟ್ಯಾಂಕಿಯ ನೀರಿಗೇ ಮೈನ್ಸ್ ಬಂದ ಹಾಗೆ.

ಇನ್ನು ಕರೆಂಟು ಹೋಗಿ ಬರುವ ವಿಷಯ, ಇಲ್ಲೇ ಹೆಚ್ಚಿನ ಸರ್ಕ್ಯೂಟು ಸೋಲುವುದು. ಮಧ್ಯಮಟ್ಟದ ನೀರಿದ್ದಾಗ ಕರೆಂಟು ಮರಳಿದರೆ ಲ್ಯಾಚ್ ಎತ್ತ ವಾಲುತ್ತದೆಂದು ಹೇಳಲಾಗದು. ಫಿಲ್ಟರಿಗೆಂದು ನೋಡಿನಿಂದ ಗ್ರೌಂಡಿಗೆ ಕೆಪಾಸಿಟರ್ ಹಾಕಿದ್ದರೆ ಇನ್ನೂ ಕಷ್ಟ: ಖಾಲಿ ಕೆಪಾಸಿಟರ್ ಕ್ಷಣಕಾಲ ನೋಡನ್ನು ಸೊನ್ನೆಯಲ್ಲಿ ಹಿಡಿಯುತ್ತದೆ, ಸರ್ಕ್ಯೂಟಿಗೆ ಟ್ಯಾಂಕಿ ತುಂಬಿದಂತೆ ಕಾಣುತ್ತದೆ, ಪಂಪು ಶುರು. ಕೆಪಾಸಿಟರಿನ ಆ ಕಾಲನ್ನು ಗ್ರೌಂಡಿನಿಂದ ಕಿತ್ತು 12 ವೋಲ್ಟಿಗೆ ಹಾಕಿ. ಫಿಲ್ಟರ್ ಕೆಲಸ ಅಷ್ಟೇ ಆಗುತ್ತದೆ, ಆದರೆ ಶುರುವಿನಲ್ಲಿ ಎರಡೂ ಸರಳು "ನೀರಿಲ್ಲ" ಎನ್ನುವುದರಿಂದ ಲ್ಯಾಚ್ ರಿಸೆಟ್ ಆಗಿಯೇ ಏಳುತ್ತದೆ. ಕೆಳಗಿನ ನೋಡಿಗೆ 1 ಮೈಕ್ರೊ, ಮೇಲಿನದಕ್ಕೆ 100 ನ್ಯಾನೊ. ಕೆಳಗಿನದು ದೊಡ್ಡದಿರಬೇಕು, ಸಪ್ಲೈ ಪೂರ್ತಿ ಏರುವವರೆಗೆ ರಿಸೆಟ್ ಹಿಡಿದಿಡಲು.

ಟ್ಯಾಂಕಿಗೆ ಇಳಿಸುವ ಮೊದಲು ಒಂದು ಲೋಟ ನೀರಿನಲ್ಲಿ ನೋಡಿ. ತಳದ ತಂತಿ ನೀರಿನಲ್ಲೇ ಇರಲಿ, ಉಳಿದೆರಡನ್ನು ಈ ಕ್ರಮದಲ್ಲಿ ಮುಳುಗಿಸಿ: ಯಾವುದೂ ಇಲ್ಲ, ಕೆಳಗಿನದು, ಎರಡೂ, ಮತ್ತೆ ಕೆಳಗಿನದು ಮಾತ್ರ, ಯಾವುದೂ ಇಲ್ಲ. 11ನೇ ಪಿನ್ನು 0, 0, 1, 1, 0 ಕೊಡಬೇಕು. ಎರಡನೆಯ ಮತ್ತು ನಾಲ್ಕನೆಯ ಅಂಕಿ ಬೇರೆ ಬಂದರೆ ಲ್ಯಾಚ್ ಸರಿ.

ಮುಂದೆ ಏನಾದರೂ ಕೈಕೊಟ್ಟರೆ ಲಕ್ಷಣವೇ ಜಾಗ ಹೇಳುತ್ತದೆ. ತುಂಬಿ ಹರಿದರೂ ಪಂಪು ಏಳದಿದ್ದರೆ ಯಾವುದೋ ಸರಳಿನ ತಂತಿ ತುಂಡಾಗಿದೆ. ಕೆಳಮಟ್ಟದಲ್ಲಿ ಟಕಟಕ ಅಂದರೆ ಮೇಲಿನ ಸರಳಿನ ಲೋಳೆ. ಕೆಳಗಿನ ಸರಳಿನ ಹೋಲ್ಡರಿಗೇ ಲೋಳೆ ಹಿಡಿದರೆ ಮಾತ್ರ ಯಾವ ಲಾಜಿಕ್ಕೂ ಕಾಯದು, ಪಂಪು ನಿಲ್ಲುವುದಿಲ್ಲ. ಆ ಕಾರಣಕ್ಕೆ ಸರಳುಗಳ ನಡುವೆ ನಾಲ್ಕೈದು ಸೆಂಟಿಮೀಟರ್ ಅಂತರ ಇಡಿ, ತಿಂಗಳಿಗೊಮ್ಮೆ ಉಜ್ಜಿ. ಪಂಪು ನಿಲ್ಲುವ ಹೊತ್ತಿಗೇ ಮತ್ತೆ ಶುರುವಾದರೆ ಕಾಂಟ್ಯಾಕ್ಟರ್ ಕಾಯಿಲಿನ ಕಿಡಿಯನ್ನು ಅನುಮಾನಿಸಿ: ಕಾಯಿಲಿಗೆ ಅಡ್ಡವಾಗಿ 100 ಓಮ್ ಮತ್ತು 0.1 ಮೈಕ್ರೊದ ಎಕ್ಸ್2 (ಮೈನ್ಸಿಗೆ ಅಡ್ಡ ಹಾಕಲೆಂದೇ ಮಾಡಿದ) ಕೆಪಾಸಿಟರ್ ಸರಣಿಯಲ್ಲಿ ಹಾಕಿ, ಸರಳಿನ ತಂತಿಯನ್ನು ಮೋಟರಿನ ಕೇಬಲಿನ ಜೊತೆ ಒಂದೇ ಪೈಪಿನಲ್ಲಿ ಎಳೆಯಬೇಡಿ.